ಹಿಂದಿನ ಸೀಟಿನ ಫ್ಯಾನು

ಆ ಕಾರು ಇನ್ನೂ ರಸ್ತೆಗೆ ಬಂದಿರಲಿಲ್ಲ. ಕಂಪನಿಯವರು ಅದರ ಚಿತ್ರ ಬಿಟ್ಟಿದ್ದರು, ಅಷ್ಟೇ. ಎರಡು ಬಾಗಿಲು, ನೆಲಕ್ಕೆ ತಾಗಿದಂಥ ಗಿಡ್ಡ ಮೈ, ಪೆಟ್ರೋಲ್ ಎಂಜಿನ್ನಿನ ಜೊತೆಗೊಂದು ಕರೆಂಟಿನ ಮೋಟಾರು. ಹೈಬ್ರಿಡ್ ಸ್ಪೋರ್ಟ್ಸ್ ಕಾರು, ಅದೂ ನಮ್ಮಂಥವರ ಕೈಗೆಟುಕುವ ಬೆಲೆಗೆ ಬರುತ್ತದೆ ಎಂಬ ಮಾತು. ಅಷ್ಟಕ್ಕೇ ಜಮಖಂಡಿಯ ನಮ್ಮ ಗ್ಯಾರೇಜಿನ ಮುಂದೆ ಏಳು ಮಂದಿ ಹಬ್ಬ ಶುರು ಮಾಡಿಬಿಟ್ಟರು. ಒಬ್ಬ ಬಣ್ಣ ಆರಿಸಿದ, ಇನ್ನೊಬ್ಬ ಅದಕ್ಕೆ ಹಾಕುವ ಗಾಲಿಯನ್ನು ಈಗಲೇ ನೋಡಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವ ಮಂದಿ ಇವರು.

ಈ ಏಳು ಮಂದಿಗೆ ಕಂಪನಿ ಮಾಡಿಕೊಟ್ಟ ಕಾರು ಯಾವತ್ತೂ ಸಾಲದು. ಎಂಜಿನ್ನಿನ ಕಂಪ್ಯೂಟರ್ ತಿದ್ದಿಸಬೇಕು, ಗಾಳಿ ಒಳಬರುವ ದಾರಿ ಅಗಲ ಮಾಡಿಸಬೇಕು, ಸೈಲೆನ್ಸರ್ ಬದಲಿಸಬೇಕು. ಅದೇ ನಮ್ಮ ದುಡಿಮೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಲ್ಯಾಪ್‌ಟಾಪ್ ನನ್ನದು, ಕಿವಿ ನಮ್ಮ ಮನೆಯವರದು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಯಾವ ವಾಲ್ವು ಎಷ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದರು. ನಾನು ಪರದೆಯ ಮೇಲೆ ಅರ್ಧ ತಾಸು ತಡಕಾಡಿ ಕಂಡುಹಿಡಿಯುವುದನ್ನು ಅವರು ಕಣ್ಣು ಮುಚ್ಚಿ ಎರಡು ನಿಮಿಷದಲ್ಲಿ ಹೇಳುವುದು ಕಂಡು ನನಗೆ ಎಷ್ಟೋ ಸಲ ಸಿಟ್ಟೇ ಬಂದಿದೆ. ಮದುವೆಯಾದ ಹೊಸತರಲ್ಲಿ ನಾನು ಅವರನ್ನು ಮೆಚ್ಚಿದ್ದೂ ಆ ಕಿವಿಗೇ.

ಗುಂಪಿನಲ್ಲಿ ಒಬ್ಬ ಸಕ್ಕರೆ ಕಾರ್ಖಾನೆಯ ಮೀಟರುಗಳನ್ನು ನೋಡಿಕೊಳ್ಳುವ ಮೀಟರ್ ಮೇಸ್ತ್ರಿ, ಸಮೀರವಾಡಿ ಕಡೆಯವನು. ಎಲ್ಲವನ್ನೂ ಓದಿಕೊಂಡು ಬರುವವನು ಅವನೇ. "ಅಣ್ಣಾರ, ಈ ಗಾಡ್ಯಾಗ ಅರ್ಧ ದಾರಿ ಎಂಜಿನ್ನ ಬಂದ್ ಇರ್ತೈತಂತ್ರಿ. ಸದ್ದ ಇಲ್ಲ, ಗಿದ್ದ ಇಲ್ಲ," ಎಂದ.

"ಹಂಗಾದ್ರ ನನ್ನ ಕಿವೀಗೆ ಪೆನ್ಶನ್ ಬಂತು ಅನ್ನು," ಎಂದರು ನಮ್ಮವರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮವರ ನಗು ಮಾತ್ರ ಅರ್ಧಕ್ಕೇ ನಿಂತಿತು. ಹೊಸ ಕಾರಿಗಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವರು ಅವರೇ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಅಂಜಿದವರೂ ಅವರೇ. ಅದು ನನಗೆ ಆವತ್ತೇ ಗೊತ್ತಾಯಿತು.

ಅದೇ ವಾರ ಬನಹಟ್ಟಿಯ ಮಗ್ಗದ ಸಾಹುಕಾರ ಒಂದು ಹಳೆಯ ಹೈಬ್ರಿಡ್ ಕಾರನ್ನು ತಂದು ನಿಲ್ಲಿಸಿದ. ಇವನೂ ಏಳು ಮಂದಿಯಲ್ಲಿ ಒಬ್ಬ. ಹೊಸದು ಬರುವತನಕ ಕೈ ಪಳಗಲಿ ಎಂದು ಇದನ್ನು ಕೊಂಡಿದ್ದ. ಹತ್ತು ಹದಿನೈದು ಕಿಲೋಮೀಟರು ಓಡಿದರೆ ಸಾಕು, ಕೆಂಪು ದೀಪ ಹತ್ತಿ ಗಾಡಿ ಸೊರಗುತ್ತಿತ್ತು. ದೊಡ್ಡ ಬ್ಯಾಟರಿ ವಿಪರೀತ ಬಿಸಿಯಾಗಿದೆ ಎಂದು ಲ್ಯಾಪ್‌ಟಾಪ್ ಹೇಳಿತು.

"ನೋಡ್ರಿ ವೈನಿ," ಎಂದ ಸಾಹುಕಾರ, ಮುಚ್ಚುಮರೆಯಿಲ್ಲದೆ. "ಇದನ್ನ ನೀವಿಬ್ಬರೂ ಸುಧಾರಿಸಿದ್ರ ಹೊಸಾ ಗಾಡಿ ಏಳೂ ನಿಮ್ಮ ಕಡೇನ ಬರ್ತಾವು. ಆಗ್ಲಿಲ್ಲಂದ್ರ ನಾವು ಕೊಲ್ಲಾಪುರದ ದಾರಿ ಹಿಡಿಯೂದ. ಸಿಟ್ಟ ಆಗಬ್ಯಾಡ್ರಿ."

ಹೈಬ್ರಿಡ್ ಬ್ಯಾಟರಿಗೆ ಕೈ ಹಚ್ಚುವುದು ಎಂದರೆ ಹುಡುಗಾಟವಲ್ಲ. ಇನ್ನೂರು ವೋಲ್ಟಿನ ಮೇಲೆ ಇರುತ್ತದೆ. ಮೊದಲು ಸಣ್ಣ ಬ್ಯಾಟರಿಯ ತಂತಿ ಬಿಚ್ಚಬೇಕು. ರಬ್ಬರಿನ ಕೈಗವಸಿನ ಬಾಯಿ ಸುತ್ತಿ, ಗಾಳಿ ಹಿಡಿದು ಒತ್ತಿ, ಎಲ್ಲಿಯಾದರೂ ತೂತು ಇದೆಯೇ ನೋಡಬೇಕು. ಆಮೇಲೆ ದೊಡ್ಡ ಬ್ಯಾಟರಿಯ ಕರೆಂಟು ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ಗು ಕಿತ್ತು, ಬೇರೆ ಯಾರೂ ಮರಳಿ ಸಿಕ್ಕಿಸದಂತೆ ನಮ್ಮದೇ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಹತ್ತು ನಿಮಿಷ ಸುಮ್ಮನೆ ಕೂತು, ಮೀಟರು ಸೊನ್ನೆ ತೋರಿಸಿದ ಮೇಲೆಯೇ ಕೈ ಒಳಗೆ. ಆ ಹತ್ತು ನಿಮಿಷ ನಮ್ಮವರು ಗಡಿಯಾರವನ್ನೇ ನೋಡುತ್ತ ಕೂತಿದ್ದರು, ಪರೀಕ್ಷೆಗೆ ಕೂತ ಸಾಲೆಯ ಹುಡುಗನ ಹಾಗೆ.

ಬ್ಯಾಟರಿ ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಸೀಟಿನ ಮೇಲೆ ಸಾಹುಕಾರನ ತಾಯಿ ಕೈಯಾರೆ ಹೊಲಿದ ಕೌದಿ ಹಾಸಿತ್ತು. ಹಳೆ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು, ಒತ್ತಾದ ಹೊಲಿಗೆ. ಅದಕ್ಕೆ ಗ್ರೀಸು ತಾಗಬಾರದೆಂದು ನಮ್ಮವರು ಎರಡೂ ಕೈಯಲ್ಲಿ ಎತ್ತಿ, ನಾಲ್ಕು ಮಡಿಕೆ ಮಾಡಿ, ಒಳಗಿನ ಕಪಾಟಿನಲ್ಲಿ ಇಟ್ಟು ಬಂದರು. ಸೀಟು ಬಿಚ್ಚಿದೆವು. ಬ್ಯಾಟರಿಯನ್ನು ತಂಪಾಗಿಡಲು ಒಂದು ಸಣ್ಣ ಫ್ಯಾನು ಇರುತ್ತದೆ. ಅದು ಸೀಟಿನ ಬದಿಯ ಅಂಗೈಯಗಲದ ಜಾಳಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಫ್ಯಾನಿನ ಒಳಗೆ ನೋಡಿದರೆ ಕೆಂಪು, ಹಸಿರು, ಅರಿಷಿಣ ಬಣ್ಣದ ನೂಲಿನ ಧೂಳು ಮೆತ್ತೆಯಂತೆ ಕಟ್ಟಿಕೊಂಡಿತ್ತು. ಗಾಡಿ ನಿಲ್ಲುತ್ತಿದ್ದದ್ದು ಮಗ್ಗದ ಶೆಡ್ಡಿನಲ್ಲೇ.

"ಸಿಕ್ತು ನೋಡ ಕಳ್ಳ!" ಎಂದರು ನಮ್ಮವರು. ಬ್ರಶ್ಶಿನಿಂದ ಬಿಡಿಸಿ ತೆಗೆದೆವು, ಎಲ್ಲ ಜೋಡಿಸಿ ಮುಧೋಳದತನಕ ಓಡಿಸಿ ಬಂದೆವು. ಬ್ಯಾಟರಿ ತಣ್ಣಗಿತ್ತು. ಕೌದಿಯನ್ನು ಮಡಿಕೆ ಬಿಚ್ಚದೆ ಮುಂದಿನ ಸೀಟಿನ ಮೇಲಿಟ್ಟು ಗಾಡಿ ಒಪ್ಪಿಸಿದೆವು. ನಾನು ಆವತ್ತು ಜಂಬದಿಂದ ಹೋಳಿಗೆ ಮಾಡಿದೆ. ಮಾಡಬಾರದಿತ್ತು.

ನಾಲ್ಕನೇ ದಿನ ಸಾಹುಕಾರನ ಫೋನು. ಮತ್ತೆ ಕೆಂಪು ದೀಪ.

ಈ ಸಲ ನಾವೇ ಬನಹಟ್ಟಿಗೆ ಹೋದೆವು. ಗಾಡಿ ಅವರಲ್ಲಿ ಹೇಗೆ ನಿಂತಿತ್ತೋ ಹಾಗೇ ಓಡಿಸಿ ನೋಡುವುದು ಎಂದು ನಾನು ಸ್ಟೇರಿಂಗಿಗೆ ಕೂತೆ, ಅವರು ಹಿಂದೆ ಕೌದಿಯ ಮೇಲೆ. ಕಬ್ಬಿನ ಹಂಗಾಮು ಮುಗಿಯುತ್ತ ಬಂದ ದಿನಗಳು, ಬಿಸಿಲು ಜೋರಾಗಿತ್ತು. ಮಹಾಲಿಂಗಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಪಕ್ಕದ ಸೀಟಿನ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯ ಬಿಸಿ ಏರುತ್ತಿತ್ತು. ಫ್ಯಾನಿಗೆ ಪೂರಾ ಜೋರಿನಲ್ಲಿ ತಿರುಗು ಎಂಬ ಆಜ್ಞೆ ಹೋಗಿದೆ ಎಂದೂ ಕಾಣುತ್ತಿತ್ತು. ಆದರೆ ಅದು ಬರೀ ಆಜ್ಞೆ. ಫ್ಯಾನು ಖರೇನೇ ತಿರುಗಿತೋ ಇಲ್ಲವೋ ಎಂಬುದನ್ನು ಲ್ಯಾಪ್‌ಟಾಪ್ ಹೇಳುವುದಿಲ್ಲ. ಅದಕ್ಕೆ ಕಿವಿ ಬೇಕು.

"ಫ್ಯಾನಿನ ಸದ್ದ ಬರಾಕತ್ತೈತೇನ್ರಿ?" ಎಂದು ಕೂಗಿ ಕೇಳಿದೆ.

ಅವರು ಸೀಟಿನ ಮೂಲೆಗೆ ಬಗ್ಗಿ, ಕಿವಿ ಕೊಟ್ಟು, ತಲೆ ಎತ್ತಿದರು. "ಇಲ್ಲ. ಏನೂ ಇಲ್ಲ."

ನನಗೇನೋ ಸೊಯ್ಯೆಂದ ಹಾಗೆ ಕೇಳಿತ್ತು. ಆದರೆ ಅವರು ಇಲ್ಲ ಎಂದ ಮೇಲೆ ಮುಗಿಯಿತು. ಹದಿನಾಲ್ಕು ವರ್ಷ ಆ ಕಿವಿಯನ್ನು ನಂಬಿ ಗಾಡಿ ಬಿಚ್ಚಿದವಳು ನಾನು. ಟ್ರ್ಯಾಕ್ಟರಿನ ಗದ್ದಲವಿರಬೇಕು ಎಂದು ನನ್ನ ಕಿವಿಯನ್ನೇ ಸುಳ್ಳು ಮಾಡಿದೆ. ಫ್ಯಾನಿನ ಮೋಟಾರು ಬಿಸಿಗೆ ನಿಂತುಹೋಗುತ್ತಿದೆ ಎಂದು ತೀರ್ಮಾನಿಸಿದೆ.

ಅಲ್ಲಿಂದ ಶುರುವಾಯಿತು ನಮ್ಮ ವನವಾಸ. ಹುಬ್ಬಳ್ಳಿಯಿಂದ ಇನ್ನೊಂದು ಫ್ಯಾನು ತರಿಸಿ ಹಾಕಿದೆವು. ನಮ್ಮಲ್ಲಿ ಓಡಿಸಿದಾಗ ತಂಪು, ಬನಹಟ್ಟಿಗೆ ಹೋದ ಮೇಲೆ ಬಿಸಿ. ಹಾಗಾದರೆ ಬ್ಯಾಟರಿಯಲ್ಲೇ ದೋಷವೆಂದು ಅದನ್ನೂ ಹೊರಗೆ ತೆಗೆದೆವು. ಒಳಗೆ ಇಪ್ಪತ್ತೆಂಟು ಸಣ್ಣ ಸಣ್ಣ ಬ್ಯಾಟರಿ ತುಂಡು. ಒಂದೊಂದರ ವೋಲ್ಟೇಜು ಅಳೆದು ಸುಣ್ಣದ ಕಡ್ಡಿಯಿಂದ ಮೇಲೆ ಬರೆದೆ. ಅವುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರುಗಟ್ಟಿದ್ದವು. ನಮ್ಮವರು ಒಂದೊಂದನ್ನೇ ಉಜ್ಜಿ ದೇವರ ಸಾಮಾನಿನ ಹಾಗೆ ಬೆಳಗಿದರು. ಒಂಬತ್ತು ದಿನ ಹಿಡಿಯಿತು. ಮತ್ತೆ ಮುಧೋಳ, ಮತ್ತೆ ತಂಪು. ಮತ್ತೆ ಕೌದಿ ಮಡಿಚಿಟ್ಟು ಕೈಮುಗಿದು ಒಪ್ಪಿಸಿದೆವು.

ಎರಡೇ ದಿನ. ಸಾಹುಕಾರ ತನ್ನ ತಾಯಿಯನ್ನು ಬೀಳಗಿಯಲ್ಲಿರುವ ಆಕೆಯ ಮಗಳ ಮನೆಗೆ ಕರೆದೊಯ್ಯುವಾಗ ಗಾಡಿ ದಾರಿಯಲ್ಲೇ ಮಲಗಿತು. ಬಿಸಿಲಲ್ಲಿ ಮುದುಕಿಯನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಸಾಹುಕಾರ ಫೋನು ಮಾಡಿದ. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. "ಇರ್ಲಿ ಬಿಡ್ರಿ ವೈನಿ, ಎಲ್ಲಾರಿಗೂ ಎಲ್ಲಾ ಬರಂಗಿಲ್ಲ," ಎಂದ.

ಮೂರನೇ ಸಲ ಗಾಡಿ ತಿರುಗಿ ಬಂತು. ಆ ದಿನ ರೊಟ್ಟಿ ಮುರಿಯುತ್ತ ನಮ್ಮವರು ನೆಲ ನೋಡಿಕೊಂಡು ಹೇಳಿದರು: "ಸಕ್ಕರಿ ಫ್ಯಾಕ್ಟರಿ ಟ್ರ್ಯಾಕ್ಟರ್ ಶೆಡ್ಡಿಗೆ ಒಬ್ಬ ಮೇಸ್ತ್ರಿ ಬೇಕಾಗ್ಯಾನಂತ. ನಾ ಹೋಗ್ಲೇನು? ಈ ಹೊಸಾ ಗಾಡಿ ಎಲ್ಲಾ ನಿನ್ನ ವಿದ್ಯಾ. ನೀ ಒಬ್ಬಾಕಿನ ಸಂಭಾಳಸ್ತಿ."

"ಏನ್ ಮಾತಂತ ಆಡ್ತೀರಿ! ಒಂದ ಗಾಡಿ ಸೋತದ್ದಕ್ಕ ಮನಿ ಬಿಟ್ಟ ಓಡಾವರ ಹಂಗ!" ಎಂದು ತಾಟು ಎತ್ತಿಕೊಂಡು ಒಳಗೆ ಹೋದೆ. ನನಗೆ ಸಿಟ್ಟು ಮೊದಲು ಬರುತ್ತದೆ, ಅಳು ಆಮೇಲೆ. ಇಬ್ಬರೂ ಕೂಡಿ ಮಾಡಿದ ಗ್ಯಾರೇಜು ಅದು. ಅವರಿಲ್ಲದೆ ಅದರ ಬಾಗಿಲು ತೆಗೆಯುವುದು ಹೇಗೆ ಎಂದು ನನಗೆ ಕಲ್ಪಿಸಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಿಂದ ಹೊರಟೆ. ಕೌದಿ ತೆಗೆದಿಟ್ಟಾಗಿತ್ತು. ಲ್ಯಾಪ್‌ಟಾಪಿನಿಂದ ಫ್ಯಾನನ್ನು ನಾವೇ ಬೇಕಾದ ಹಾಗೆ ತಿರುಗಿಸಬಹುದು. ನಾನು ಮುಂದೆ ಕೂತೆ. ಅವರು ಹಿಂದಿನ ಬಾಗಿಲು ತೆರೆದು, ಜಾಳಿಯ ಹತ್ತಿರ ತಲೆಯಿಟ್ಟು, ಕಣ್ಣು ಮುಚ್ಚಿ ನಿಂತರು. ಸಣ್ಣ ವೇಗ ಕೊಟ್ಟೆ, ಆಮೇಲೆ ನಡುವಿನದು, ಆಮೇಲೆ ಪೂರಾ. ಫ್ಯಾನು ಸುಂಯ್ಯೆಂದು ಚೀರತೊಡಗಿತು. ಮುಂದೆ ಕೂತ ನನಗೇ ಹಲ್ಲು ಜುಮ್ಮೆನ್ನುವಷ್ಟು.

ಅವರು ಕಣ್ಣು ತೆರೆದು ನನ್ನ ಕಡೆ ನೋಡಿದರು. "ಫ್ಯಾನ್ ಹಚ್ಚು. ಇನ್ನೂ ಹಚ್ಚಿಲ್ಲೇನು?"

ನನ್ನ ಕೈ ಲ್ಯಾಪ್‌ಟಾಪಿನ ಮೇಲೆ ಹಾಗೇ ನಿಂತಿತು. ಅವರ ಕಿವಿಗೂ ಚೀರುವ ಫ್ಯಾನಿಗೂ ಗೇಣಿನ ಅಂತರವಿತ್ತು. ಆ ಮುಖದಲ್ಲಿ ಸುಳ್ಳಿರಲಿಲ್ಲ, ಸದ್ದಿಗಾಗಿ ಕಾಯುವ ತಾಳ್ಮೆಯಿತ್ತು ಅಷ್ಟೇ. ನಾನು ಫ್ಯಾನು ನಿಲ್ಲಿಸಿದೆ. "ಇರ್ರಿ, ವಾಯರ್ ಸಡ್ಲಾಗೇತಿ. ಚಾ ಮಾಡ್ಕೊಂಡ ಬರ್ತೇನಿ," ಎಂದು ಒಳಗೆ ಓಡಿದೆ.

ಹಾಲು ಉಕ್ಕುವತನಕ ಒಲೆಯ ಮುಂದೆ ನಿಂತಿದ್ದೆ. ಒಂದೊಂದೇ ನೆನಪಾಯಿತು. ಕುಕ್ಕರ್ ಸೀಟಿ ಹೊಡೆದರೂ ಏಳದೆ ಕೂತಿರುತ್ತಿದ್ದದ್ದು. ನಾನು ಕರೆದರೆ ಓಗೊಡದೆ, ಎದುರಿಗೆ ಬಂದರೆ ಮಾತ್ರ ಮಾತಾಡುತ್ತಿದ್ದದ್ದು. ಮೊಂಡತನ ಎಂದು ಎಷ್ಟು ಬೈದಿದ್ದೆ! ದಪ್ಪ ಸದ್ದು ಕೇಳುತ್ತಿತ್ತು, ಹಾಗಾಗಿ ಎಂಜಿನ್ನಿನ ಕೆಲಸ ಹೇಗೋ ನಡೆದಿತ್ತು. ಸಣ್ಣ, ಚೂಪು ಸದ್ದುಗಳಷ್ಟೇ ಅವರನ್ನು ಬಿಟ್ಟು ಹೋಗಿದ್ದವು.

ಹೇಳದೆಯೂ ಇರಬಹುದಿತ್ತು. ಇನ್ನು ಮುಂದೆ ನನ್ನ ಕಿವಿಯಿಂದಲೇ ಕೇಳಿ, ನೀವೇ ಹೇಳಿದ್ದು ಎನ್ನುವ ಹಾಗೆ ಕೆಲಸ ಸಾಗಿಸಬಹುದಿತ್ತು. ಅವರ ಮಾನ ಉಳಿಯುತ್ತಿತ್ತು. ಆದರೆ ಅವರು ತಮ್ಮ ವಿದ್ಯೆಯೇ ಸಾಲದು ಎಂದುಕೊಂಡು ಟ್ರ್ಯಾಕ್ಟರ್ ಶೆಡ್ಡಿಗೆ ಹೊರಟು ನಿಂತಿದ್ದರು. ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಗಂಡನನ್ನು ಹುಸಿ ಹೊಗಳಿಕೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗದು ಎನಿಸಿತು. ಚಹಾ ಕೈಗೆ ಕೊಟ್ಟು, ಎದುರಿಗೆ ಕೂತೆ.

"ರೀ, ಫ್ಯಾನ್ ತಿರಗತಿತ್ತು. ಪೂರಾ ಜೋರಿನ್ಯಾಗ. ನಿಮಗ ಕೇಳಸಲಿಲ್ಲ."

ಅವರು ಕಪ್ಪನ್ನು ಕೆಳಗಿಟ್ಟರು. ಆಮೇಲೆ, "ಎರಡ ವರ್ಷಾತು," ಎಂದರು.

"ನನಗ ಯಾಕ ಹೇಳಲಿಲ್ಲರಿ?"

"ಏನಂತ ಹೇಳ್ಲಿ? ಮಂದಿ ಗಾಡಿ ತರೂದು ಈ ಕಿವಿ ನಂಬಿ. ನೀನೂ..." ಅಷ್ಟಕ್ಕೇ ನಿಲ್ಲಿಸಿದರು. "ನೀನೂ ಇದನ್ನ ಮೆಚ್ಚಿ ಬಂದಾಕಿ."

"ಕಿವಿ ಕೂಡ ಸಂಸಾರ ಮಾಡೇನೇನ್ರಿ ನಾನು, ಹುಚ್ಚಪ್ಪ!" ಎಂದೆ. ಎಂದು ಅತ್ತುಬಿಟ್ಟೆ. ಅವರ ಕಣ್ಣಲ್ಲೂ ನೀರಿತ್ತು. ಗ್ರೀಸಿನ ಕೈಯಿಂದಲೇ ನನ್ನ ಕೆನ್ನೆ ಒರೆಸಿದರು, ಇನ್ನಷ್ಟು ಹೊಲಸಾಯಿತು.

ನಾನು ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದೆ. ಅವರು ಥಟ್ಟನೆ ನೆಟ್ಟಗೆ ಕೂತರು. "ತಡಿ. ಹಂಗಾದ್ರ ಫ್ಯಾನ್ ಆವತ್ತೂ ತಿರಗತಿತ್ತು. ಹಳೇ ಫ್ಯಾನೂ ಛಲೋನ ಇತ್ತು!"

"ಹೌದ್ರಿ."

"ಫ್ಯಾನ್ ತಿರಗಿದ್ರೂ ಬ್ಯಾಟ್ರಿ ಕಾಯಾಕತ್ತೈತಿ ಅಂದ್ರ ಅದಕ್ಕ ಗಾಳಿ ಸಿಗವಲ್ದು. ನಮ್ಮಲ್ಲಿ ಸಿಗತೈತಿ, ಅವರಲ್ಲಿ ಸಿಗಂಗಿಲ್ಲ. ಅವರು ಹೆಂಗ ಕೂಡ್ತಾರ, ಹಂಗ ಕೂತು ನೋಡಬೇಕು. ಒಂದ ಚೂರೂ ಮುಟ್ಟಬಾರದು." ಚಹಾ ಆರಿಹೋಗಿತ್ತು, ಅದನ್ನು ಒಂದೇ ಗುಟುಕಿಗೆ ಕುಡಿದೆದ್ದರು. ಹಿಂದಿನ ದಿನವಷ್ಟೇ ಕೆಲಸ ಬಿಡುತ್ತೇನೆ ಎಂದ ಮನುಷ್ಯ ಇವರೇ.

ಮರುದಿನ ಗಾಡಿಯನ್ನು ಬನಹಟ್ಟಿಗೆ ಒಯ್ದೆವು. ಸಾಹುಕಾರನ ತಾಯಿಗೆ ಬೀಳಗಿಗೆ ಹೋಗುವುದಿತ್ತು. ನಾವೇ ಬಿಟ್ಟು ಬರುತ್ತೇವೆ ಎಂದೆವು. ಮುದುಕಿ ತನ್ನ ಕೌದಿಯನ್ನು ತಾನೇ ಹಾಸಿ, ಅಂಚುಗಳನ್ನು ಸುತ್ತಲೂ ಒತ್ತಿ ಒತ್ತಿ ತುರುಕಿ, ಕಾಲು ಮೇಲೆ ಮಡಿಚಿಕೊಂಡು ಕೂತಳು. ಪಕ್ಕದಲ್ಲಿ ನಮ್ಮವರು. ಮಹಾಲಿಂಗಪುರ ದಾಟಿ ಮುಧೋಳದ ಕಡೆ ಹೊರಳಿದಾಗ ಬಿಸಿ ಏರತೊಡಗಿತು. ಫ್ಯಾನಿಗೆ ಪೂರಾ ಜೋರಿನ ಆಜ್ಞೆ ಹೋಯಿತು. ಈ ಸಲ ನಾನು ಅವರನ್ನು ಏನನ್ನೂ ಕೇಳಲಿಲ್ಲ. ಫ್ಯಾನು ತಿರುಗುತ್ತಿದೆ ಎಂದು ಕನ್ನಡಿಯಲ್ಲಿ ಅವರಿಗೆ ಕಾಣುವ ಹಾಗೆ ಕೈ ಎತ್ತಿ ತೋರಿಸಿದೆ. ಅವರು ಅಂಗೈಯನ್ನು ಸೀಟಿನ ಬದಿಗೆ ಮೆಲ್ಲಗೆ ಸವರುತ್ತ ಬಂದರು. ಜಾಳಿ ಇದ್ದ ಕಡೆ ಕೈ ನಿಂತಿತು.

"ಇಲ್ಲಿ," ಎಂದರು. "ಕೌದಿ ಒಳಗ ಎಳಕೊಂಡ ಕೂತೈತಿ. ಗಾಡಿ ತರುಬು!"

ಗಾಡಿ ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ. ಕೌದಿಯ ಮೂಲೆ ಜಾಳಿಗೆ ಗಪ್ಪೆಂದು ಅಂಟಿಕೊಂಡಿತ್ತು. ಅಷ್ಟು ಒತ್ತಾದ ಹೊಲಿಗೆಯಲ್ಲಿ ಗಾಳಿ ಎಲ್ಲಿ ನುಸುಳಬೇಕು! ಪ್ರತಿ ಸಲವೂ ಗೌರವದಿಂದ ಮಡಿಚಿ ಕಪಾಟಿನಲ್ಲಿಟ್ಟವರು ನಾವೇ, ಅದಿಲ್ಲದೆ ಗಾಡಿ ಓಡಿಸಿ ತಂಪಾಯಿತೆಂದು ಬೀಗಿದವರೂ ನಾವೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

"ಆಯೀ, ಇದನ್ನ ಇಲ್ಲಿ ಯಾಕ ತುರುಕೀರಿ?" ಎಂದು ಕೇಳಿದೆ.

"ಅಲ್ಲಿಂದ ಸುಂಯ್ ಸುಂಯ್ ಅಂತೈತೆವ್ವಾ. ಹುಳ ಹುಪ್ಪಡಿ ಹೊಕ್ಕಾವು ಅಂತ ತುರುಕೇನಿ. ಇಷ್ಟ ಜೋರ ಅಂತೈತಿ, ನನ್ನಂಥ ಮುದುಕೀಗೆ ಕೇಳತೈತಿ, ಇಂವಗ ಕೇಳಸಂಗಿಲ್ಲೇನ?"

ನಮ್ಮವರು ಮುದುಕಿಯ ತುಟಿಯನ್ನೇ ನೋಡುತ್ತಿದ್ದರು. ನಾನು ಗಡಬಡಿಸಿ, "ಅವರ ಲಕ್ಷ್ಯ ಬ್ಯಾರೆ ಕಡೆ ಇತ್ತ ಬಿಡ್ರಿ ಆಯಿ, ನೀರ ಕುಡೀತೀರೇನು?" ಎಂದು ಮಾತು ತಿರುಗಿಸಿದೆ. ಅವರು ನನ್ನನ್ನು ಒಮ್ಮೆ ನೋಡಿ, ಕೌದಿಯನ್ನು ಜಾಳಿಯಿಂದ ಬಿಡಿಸಿದರು.

ಕೌದಿಯ ಮೂಲೆಯನ್ನು ಮೇಲೆತ್ತಿ ಹಿಡಿದುಕೊಂಡು ಬೀಳಗಿ ಮುಟ್ಟಿದೆವು. ದೀಪ ಹತ್ತಲಿಲ್ಲ. ಆ ಮೂಲೆಯನ್ನು ಕತ್ತರಿಸೋಣವೇ ಎಂದು ಅಂಜುತ್ತ ಕೇಳಿದರೆ ಮುದುಕಿ ನಕ್ಕಳು. "ಹೊಲಿದಾಕಿಗೆ ಬಿಚ್ಚಾಕ ಬರಂಗಿಲ್ಲೇನ?" ಮಗಳ ಮನೆಯ ಕಟ್ಟೆಯ ಮೇಲೆ ಕೂತು ಮೂಲೆಯ ಎರಡು ತುಂಡಿನ ಹೊಲಿಗೆ ತಾನೇ ಬಿಚ್ಚಿ, ಅಂಚು ಮಡಿಚಿ, ಮತ್ತೆ ಟಾಕು ಹಾಕಿದಳು. ಜಾಳಿ ಈಗ ಬಯಲಾಯಿತು. ನೂಲಿನ ಧೂಳಿಗೆಂದು ನಾವು ಒಂದು ಸಣ್ಣ ಸೋಸುವ ಬಟ್ಟೆ ಕೂಡಿಸಿದೆವು. ವಾರವಾಯಿತು, ಎರಡು ವಾರವಾಯಿತು, ಗಾಡಿ ತಿರುಗಿ ಬರಲಿಲ್ಲ.

ಟ್ರ್ಯಾಕ್ಟರ್ ಶೆಡ್ಡಿನ ಮಾತನ್ನು ಅವರು ಎತ್ತಲಿಲ್ಲ, ಬಿಟ್ಟೆ ಎಂದೂ ಹೇಳಲಿಲ್ಲ. ಮನೆಯೊಳಗೆ ನನ್ನೆದುರು ಈಗ "ಏನಂದಿ?" ಎಂದು ಧಾರಾಳವಾಗಿ ಕೇಳುತ್ತಿದ್ದರು. ಹೊರಗಿನವರು ಬಂದರೆ ಮಾತ್ರ ಮತ್ತೆ ಅದೇ ಹಳೆಯ ಗತ್ತು, ಕೇಳಿದಂತೆ ತಲೆಯಾಡಿಸುವುದು. ಎಷ್ಟು ದಿನ ಎಂದು ನನಗೆ ಒಳಗೊಳಗೇ ಸಂಕಟ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆಯುವುದು ರೂಢಿ. ಏಳು ಮಂದಿಯೂ ನಮ್ಮ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿಯೇ ಒಡೆಯುತ್ತಾರೆ. ಆ ಅಮಾವಾಸ್ಯೆಯ ಬೆಳಿಗ್ಗೆಯೇ ಕಂಪನಿಯವರು ಹೊಸ ಕಾರು ಓಡುವ ಮೊದಲ ವಿಡಿಯೊ ಬಿಟ್ಟಿದ್ದರು. ಮೀಟರ್ ಮೇಸ್ತ್ರಿ ಫೋನಿಗೆ ಸ್ಪೀಕರ್ ಜೋಡಿಸಿ, ವಿಭೂತಿ ಹಚ್ಚಿದ ಬಾನೆಟ್ಟಿನ ಮೇಲಿಟ್ಟ. ಎಲ್ಲರೂ ಉಸಿರು ಹಿಡಿದು ನೋಡಿದರು. ಮುಗಿದದ್ದೇ ಏಳೂ ಮುಖಗಳು ನಮ್ಮವರ ಕಡೆ ತಿರುಗಿದವು.

"ಅಣ್ಣಾರ, ಹೆಂಗೈತ್ರಿ ಸದ್ದ?" ಎಂದ ಸಾಹುಕಾರ. "ನೀವು ಹ್ಞೂಂ ಅಂದ್ರ ಬುಕ್ ಮಾಡಾವರ ನಾವು."

"ಫೋನಿನ್ಯಾಗ ಏನ ತಿಳೀತೈತಿ, ಗಾಡಿ ಬರ್ಲಿ ತಡೀರಿ," ಎಂದು ನಾನು ಅಡ್ಡ ಬಾಯಿ ಹಾಕಿದೆ. ನಮ್ಮವರು ಕೈ ಎತ್ತಿ ನನ್ನನ್ನು ತಡೆದರು.

"ನನಗ ಸಣ್ಣ ಸದ್ದ ಕೇಳಸಂಗಿಲ್ಲಪಾ," ಎಂದರು. "ಎರಡ ವರ್ಷಾತು. ಸಾಹುಕಾರ, ನಿಮ್ಮ ಗಾಡಿ ಮೂರ ಸಲ ತಿರುಗಿ ಬಂದದ್ದು ಅದಕ್ಕ. ಫ್ಯಾನ್ ಚೀರತಿತ್ತು, ನಾ ಇಲ್ಲ ಅಂದೆ. ತಪ್ಪ ನಂದು, ಈಕೀದಲ್ಲ."

ಸಾಹುಕಾರ ಒಡೆಯಬೇಕೆಂದಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ. ನಮ್ಮವರು ನನ್ನ ಕಡೆ ತಿರುಗಿದರು.

"ನೀ ಹೇಳು," ಎಂದರು. "ಹೆಂಗೈತಿ ಅದರ ಸದ್ದ?"

"ಮೊದಲಿಗೆ ಏನೂ ಇಲ್ರಿ," ಎಂದೆ. "ಗಾಡಿ ಹೊಂಟೈತಿ, ಸದ್ದ ಇಲ್ಲ. ಮೋಟಾರಿನ ಮ್ಯಾಲ ಹೊಂಟೈತಿ."

"ನಿಮಗ್ಯಾರಿಗೂ ಕೇಳಸಲಿಲ್ಲ?" ಎಂದು ನಮ್ಮವರು ಎಲ್ಲರ ಮುಖ ನೋಡಿದರು.

"ಯಾರಿಗೂ ಕೇಳಸಲಿಲ್ರಿ."

ಅವರು ನಕ್ಕರು. ಈ ಸಲ ನಗು ಅರ್ಧಕ್ಕೆ ನಿಲ್ಲಲಿಲ್ಲ. "ಆಮ್ಯಾಲ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೀಟರ್ ಮೇಸ್ತ್ರಿ ಫೋನಿಗೆ ಕೈ ಹಾಕಿದ. "ನಿಲ್ರಿ ವೈನಿ, ಮೊದಲಿಂದ ಹಚ್ಚತೀನಿ. ಅಣ್ಣಾರಿಗೆ ಪೂರಾ ಹೇಳ್ರಿ, ಒಂದೂ ಬಿಡಬ್ಯಾಡ್ರಿ."

ಯಾರೋ ಸ್ಟೂಲು ಎಳೆದು ಕೊಟ್ಟರು. ನನ್ನ ಮುಖ ಅವರಿಗೆ ಕಾಣುವ ಹಾಗೆ ತಿರುಗಿ ಕೂತು, ಮೊದಲಿನಿಂದ ಹೇಳತೊಡಗಿದೆ.